ಲೇಖನಿಯಿಂದ ಸಂಸಾರವನ್ನು ಸಲಹಿದ ಮಾರ್ಗರೆಟ್ ಓಲಿಫಂಟ್

ಸಾಹಿತ್ಯವನ್ನು ಕೀರ್ತಿಗಾಗಿ ಆರಾಧಿಸಿದವರು ಅನೇಕರು. ಆಶ್ರಿತರ ಅನ್ನಕ್ಕಾಗಿ, ಮಕ್ಕಳ ವಿದ್ಯೆಗಾಗಿ ಅದನ್ನೇ ಜೀವಮಾನದ ದುಡಿಮೆಯನ್ನಾಗಿ ಮಾಡಿಕೊಂಡವರು ಕೆಲವರು. ಸ್ಕಾಟ್ಲೆಂಡಿನ ಕಾದಂಬರಿಕಾರ್ತಿ ಮಾರ್ಗರೆಟ್ ಓಲಿಫಂಟ್ ಈ ಎರಡನೆಯ ಸಾಲಿಗೆ ಸೇರಿದವರು.

ಎಡಿನ್‌ಬರೋ ನಗರಕ್ಕೆ ಸಮೀಪದ ವಾಲಿಫರ್ಡ್ ಗ್ರಾಮದಲ್ಲಿ 1828ರ ಏಪ್ರಿಲ್ 4ರಂದು ಜನಿಸಿದ ಇವರ ಮೊದಲ ಕಾದಂಬರಿ 1849ರಲ್ಲಿಯೇ ಬೆಳಕು ಕಂಡಿತು. 1852ರಲ್ಲಿ ಸೋದರ ಸಂಬಂಧಿಯೂ ವರ್ಣಗಾಜಿನ ಕಲಾವಿದರೂ ಆಗಿದ್ದ ಫ್ರಾನ್ಸಿಸ್ ಓಲಿಫಂಟ್ ಅವರನ್ನು ವರಿಸಿದರು. ಆದರೆ 1859ರಲ್ಲಿ ರೋಮ್ ನಗರದಲ್ಲಿ ಪತಿ ಕ್ಷಯರೋಗಕ್ಕೆ ಬಲಿಯಾದರು. ಕೈಯಲ್ಲಿ ಎರಡು ಮಕ್ಕಳು, ಗರ್ಭದಲ್ಲಿ ಇನ್ನೊಂದು, ತಲೆಯ ಮೇಲೆ ಸುಮಾರು 1,000 ಪೌಂಡುಗಳ ಸಾಲ. ಮೂವತ್ತೊಂದರ ಆ ವಿಧವೆಗೆ ಲೇಖನಿಯೊಂದೇ ಆಧಾರವಾಯಿತು.

ಎಡಿನ್‌ಬರೋಗೆ ಮರಳಿ ಬ್ಲ್ಯಾಕ್‌ವುಡ್ ಪ್ರಕಾಶಕರಲ್ಲಿ ಧಾರಾವಾಹಿಯೊಂದರ ಪ್ರಸ್ತಾಪವನ್ನಿಟ್ಟಾಗ ಅವರು ಒಪ್ಪಲಿಲ್ಲ. ಕಣ್ಣೀರನ್ನು ಮರೆಮಾಚಿ ಮನೆಗೆ ಬಂದ ಆ ತಾಯಿ, ಅಂದಿನ ರಾತ್ರಿಯ ಬಹುಭಾಗ ಎಚ್ಚರವಿದ್ದು ಹೊಸ ಕಥೆಯೊಂದನ್ನು ಬರೆದರು. ಕಾರ್ಲಿಂಗ್‌ಫರ್ಡ್ ಎಂಬ ಕಲ್ಪಿತ ಪಟ್ಟಣದ ಸುಪ್ರಸಿದ್ಧ ಕಥಾಮಾಲೆಗೆ ನಾಂದಿಯಾದುದು ಅದೇ.

ದುರ್ದೈವ ಅಲ್ಲಿಗೆ ಬಿಡಲಿಲ್ಲ. 1864ರಲ್ಲಿ ಮಗಳು ಮ್ಯಾಗಿ ತೀರಿಕೊಂಡಳು. ಸೋದರನು ಆರ್ಥಿಕವಾಗಿ ನೆಲಕಚ್ಚಿದಾಗ ಅವನ ಮಕ್ಕಳ ಭಾರವೂ ಇವರದಾಯಿತು. ಇಬ್ಬರು ಗಂಡುಮಕ್ಕಳನ್ನು ಈಟನ್ ಶಾಲೆಯಲ್ಲಿ ಓದಿಸುವ ಸಲುವಾಗಿ ವಿಂಡ್ಸರಿನಲ್ಲಿ ನೆಲೆಸಿ, ಮನೆಮಂದಿ ಮಲಗಿದ ಮೇಲೆ ಬರೆಯುತ್ತ ಕುಳಿತರು. ಇಂಜಿನಿಯರಾಗಿ ಭಾರತಕ್ಕೆ ಬಂದ ಸೋದರನ ಮಗ 1879ರಲ್ಲಿ ಇಲ್ಲಿಯೇ ಮಡಿದನು. 1890ರಲ್ಲಿ ಹಿರಿಯ ಮಗ ಸಿರಿಲ್, 1894ರಲ್ಲಿ ಕಿರಿಯ ಮಗ ಫ್ರಾನ್ಸಿಸ್ ತಾಯಿಗಿಂತ ಮೊದಲೇ ಕಣ್ಮುಚ್ಚಿದರು.

ತೊಂಬತ್ತಕ್ಕೂ ಮಿಕ್ಕಿ ಕಾದಂಬರಿಗಳನ್ನು ರಚಿಸಿದ ಅವರನ್ನು ಒಂದು ಸಂದೇಹ ಕಡೆಯವರೆಗೂ ಕಾಡಿತು: ಬಿಡುವಿದ್ದು ಬರೆದಿದ್ದರೆ ಜಾರ್ಜ್ ಎಲಿಯಟ್ ಅವರಂತೆ ತಾವೂ ಶ್ರೇಷ್ಠ ಕೃತಿಯನ್ನು ನೀಡಬಹುದಿತ್ತೇ? ಅವಸರದ ಗುರುತು ಅವರ ಹಲವು ಪುಸ್ತಕಗಳಲ್ಲಿ ಉಂಟು, ನಿಜ. ಆದರೂ ಮುಳುಗಲಿದ್ದ ಮನೆತನದ ಬ್ಯಾಂಕನ್ನು ಉಳಿಸಿದ ಮಹಿಳೆಯನ್ನು ಚಿತ್ರಿಸುವ 'ಹೆಸ್ಟರ್' (1883), ಸ್ತ್ರೀಯ ಕರ್ತೃತ್ವವನ್ನು ನವಿರಾದ ಹಾಸ್ಯದಿಂದ ನಿರೂಪಿಸುವ 'ಮಿಸ್ ಮಾರ್ಜರಿಬ್ಯಾಂಕ್ಸ್' (1866) ಇಂದಿಗೂ ವಿದ್ವಾಂಸರ ಮೆಚ್ಚುಗೆಗೆ ಪಾತ್ರವಾಗಿವೆ.

1897ರ ಜೂನ್ 25ರಂದು ಅವರು ನಿಧನ ಹೊಂದಿದರು. 1899ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆ ಸಂದೇಹವನ್ನಾಗಲಿ, ಪುತ್ರಶೋಕವನ್ನಾಗಲಿ ಅವರು ಮುಚ್ಚಿಡಲಿಲ್ಲ. ಯಾರಿಗಾಗಿ ದುಡಿದರೋ ಅವರು ಉಳಿಯಲಿಲ್ಲ. ದುಡಿಮೆಯ ಫಲ ಮಾತ್ರ ಓದುಗರ ಪಾಲಿಗೆ ಉಳಿದಿದೆ.