ಭೂಮಿಯನ್ನಳೆದ ಲ್ಯಾಂಬ್ಟನ್

ಕುದುರೆಮುಖದ ತುದಿಯಿಂದ ಕಡಲು ಕಾಣುವುದಾದರೆ ಭೂಮಿ ದುಂಡಗಿರುವುದು ಹೇಗೆಂದು ಬಜಗೋಳಿಯ ವಿದ್ಯಾರ್ಥಿಯೊಬ್ಬನು ನನ್ನೊಡನೆ ವಾದಿಸಿದನು. ಸುಮಾರು 1890 ಮೀಟರ್ ಎತ್ತರಕ್ಕೆ ದುಂಡುಭೂಮಿಯ ಮೇಲೆಯೂ ನೋಟವು 150 ಕಿಲೋಮೀಟರ್ ದಾಟುತ್ತದೆ. ತೀರವಿರುವುದು 60 ಕಿಲೋಮೀಟರಿನೊಳಗೆ. ಲೆಕ್ಕ ಬಿಡಿಸುತ್ತಿರುವಾಗ ನನಗೆ ವಿಲಿಯಂ ಲ್ಯಾಂಬ್ಟನ್ ನೆನಪಾದನು.

1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಈ ಆಂಗ್ಲ ಸೈನಿಕನು ಮರುವರ್ಷವೇ ಬೆಂಗಳೂರಿನ ಬಳಿ ಸರಪಳಿ ಹಿಡಿದು ನೆಲವನ್ನಳೆಯತೊಡಗಿದನು. 1802ರಲ್ಲಿ ಮದರಾಸಿನಲ್ಲಿ ಏಳೂವರೆ ಮೈಲಿಯ ಆಧಾರರೇಖೆಯನ್ನು ಹಾಕಿ, ಅರ್ಧ ಟನ್ ತೂಕದ ಥಿಯೋಡಲೈಟನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊರಿಸುತ್ತ, ತ್ರಿಕೋನಗಳನ್ನು ಹೆಣೆಯುತ್ತ ಮಂಗಳೂರಿನ ಕರಾವಳಿಯವರೆಗೂ ಬಂದನು. ಅದುವರೆಗೆ 400 ಮೈಲಿಯೆಂದು ನಕಾಶೆಗಳು ತೋರಿಸುತ್ತಿದ್ದ ಪರ್ಯಾಯದ್ವೀಪದ ಅಗಲ 360ಕ್ಕೆ ಇಳಿಯಿತು. ಸರಕಾರಕ್ಕೆ ಬೇಕಾದದ್ದು ಅಷ್ಟೇ.

ಅವನ ಹಂಬಲವೇ ಬೇರೆ. ಭೂಮಿ ದುಂಡಗಿದೆಯೆಂಬುದರಲ್ಲಿ ಅವನಿಗೆ ಸಂದೇಹವಿರಲಿಲ್ಲ. ಧ್ರುವಗಳಲ್ಲಿ ಅದೆಷ್ಟು ಚಪ್ಪಟೆ ಎಂಬುದೇ ಪ್ರಶ್ನೆ. ಉತ್ತರಕ್ಕೆ ಹೋದಂತೆ ಅಕ್ಷಾಂಶದ ಒಂದೊಂದು ಅಂಶದ ಉದ್ದ ಎಷ್ಟು ಹೆಚ್ಚುವುದೆಂದು ಕಂಡುಕೊಳ್ಳಬೇಕು. ಗಾಳಿಯು ಬೆಳಕನ್ನು ಬಾಗಿಸಿ ದೂರದ ಬೆಟ್ಟವನ್ನು ತುಸು ಎತ್ತರಿಸಿ ತೋರಿಸುವುದರಿಂದ ಆ ಬಾಗನ್ನೂ ಕಳೆಯಬೇಕು. (ನನ್ನ ವಿದ್ಯಾರ್ಥಿ ಇದನ್ನು ಎಣಿಸಿರಲೇ ಇಲ್ಲ.)

1808ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಆ ಯಂತ್ರ ಅಪ್ಪಳಿಸಿ ಸೊಟ್ಟಗಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಸೇರಿ ಆರು ವಾರ ಅದನ್ನು ಕೈಯಾರೆ ತಿದ್ದಿ ಸರಿಪಡಿಸಿದನು. 1823ರಲ್ಲಿ ಅಳತೆಯ ದಾರಿಯಲ್ಲೇ, ವಾರ್ಧಾ ಸೀಮೆಯ ಹಿಂಗಣಘಾಟಿನಲ್ಲಿ ತೀರಿಕೊಂಡನು. ಅವನ ರೇಖೆಯನ್ನು ಹಿಮಾಲಯದ ತಪ್ಪಲಿಗೆ ಒಯ್ದವನು ಎವರೆಸ್ಟ್. ಶಿಖರದ ಹೆಸರೂ ಅವನದೇ ಆಯಿತು.