ಕಂಪ್ಯೂಟರ್ ಲೆಕ್ಕ ಎಂದೂ ತಪ್ಪುವುದಿಲ್ಲವೇ? ತನ್ನ ತಪ್ಪನ್ನೇ ಅಚ್ಚು ಹಾಕಿಸಿದ ರಿಚರ್ಡ್‌ಸನ್ ಕತೆ ಓದಿ

ಮಳೆಗಾಲ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೆ ಮಳೆಯ ಬಣ್ಣದ ನಕ್ಷೆಗಳು, ಅಣೆಕಟ್ಟಿನ ಕಂಪ್ಯೂಟರ್ ಚಿತ್ರಗಳು ಬರುತ್ತಿರುತ್ತವೆ. ಕಂಪ್ಯೂಟರ್ ಹೇಳಿದ ಮೇಲೆ ಸುಳ್ಳಿರಲು ಸಾಧ್ಯವಿಲ್ಲ ಎಂದು ಹಲವರು ನಂಬುತ್ತಾರೆ. ಇದು ನಿಜವೇ? ಇಂಥ ಲೆಕ್ಕಗಳಿಗೆ ದಾರಿ ಹಾಕಿಕೊಟ್ಟ ಲೂಯಿಸ್ ಫ್ರೈ ರಿಚರ್ಡ್‌ಸನ್ ಅವರ ಬದುಕನ್ನು ನಾವು ನೋಡೋಣ.

ರಿಚರ್ಡ್‌ಸನ್ 1881ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹುಟ್ಟಿದರು. ಕಲ್ಲಿನ ಅಣೆಕಟ್ಟಿನ ಒಳಗೆ ಎಲ್ಲಿ ಎಷ್ಟು ಬಲ ಬೀಳುತ್ತದೆ ಎಂದು ತಿಳಿಯಲು ಅವರು ಕಟ್ಟೆಯನ್ನು ಬಲೆಯಂತೆ ಚೌಕಗಳಾಗಿ ಭಾಗಿಸಿ ಲೆಕ್ಕ ಹಾಕಿದರು. ಆಗ ಕಂಪ್ಯೂಟರ್ ಇರಲಿಲ್ಲ. ಹುಡುಗರಿಗೆ ಕೂಲಿ ಕೊಟ್ಟು ಲೆಕ್ಕ ಮಾಡಿಸಿದರು. ತಪ್ಪು ಲೆಕ್ಕಕ್ಕೆ ಕೂಲಿ ಇಲ್ಲ! ಈ ಕೆಲಸ 1911ರಲ್ಲಿ ಪ್ರಕಟವಾಯಿತು. ಅಂಥ ಬಲೆಯನ್ನು ಇಂದಿನ ಎಂಜಿನಿಯರ್‌ಗಳು ಮೆಶ್ ಎನ್ನುತ್ತಾರೆ.

ಮೊದಲ ಮಹಾಯುದ್ಧದಲ್ಲಿ ಕ್ವೇಕರ್ ಪಂಥದ ರಿಚರ್ಡ್‌ಸನ್ ಬಂದೂಕು ಹಿಡಿಯಲಿಲ್ಲ. ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿದರು. ಬಿಡುವಿನಲ್ಲಿ, 1910ರ ಮೇ 20ರ ಹಳೆಯ ಅಂಕಿಗಳನ್ನಿಟ್ಟುಕೊಂಡು, ಆ ದಿನದ ಹವಾಮಾನ ಹೇಗೆ ಬದಲಾಗಬೇಕಿತ್ತೆಂದು ಕೈಯಲ್ಲೇ ಲೆಕ್ಕ ಹಾಕಿದರು. 6 ಗಂಟೆಯಲ್ಲಿ ಗಾಳಿಯ ಒತ್ತಡ 145 ಮಿಲಿಬಾರ್ ಏರುತ್ತದೆ ಎಂಬ ಉತ್ತರ ಬಂತು. ನಿಜದಲ್ಲಿ ಒತ್ತಡ ಹೆಚ್ಚುಕಡಿಮೆ ಬದಲಾಗಿರಲೇ ಇಲ್ಲ.

ಈ ಸೋಲನ್ನು ಅವರು ಮುಚ್ಚಿಡಲಿಲ್ಲ. 1922ರಲ್ಲಿ ಪುಸ್ತಕದಲ್ಲೇ ಪೂರ್ತಿ ಅಚ್ಚು ಹಾಕಿಸಿದರು. ಆರಂಭದ ಗಾಳಿ ಮತ್ತು ಒತ್ತಡದ ಅಂಕಿಗಳು ಒಂದಕ್ಕೊಂದು ಹೊಂದದಿದ್ದುದೇ ಮುಖ್ಯ ಕಾರಣ. ಮುಂದೆ ಸಂಶೋಧಕರು ಆ ಅಂಕಿಗಳನ್ನು ಸರಿಪಡಿಸಿದಾಗ ಅದೇ ವಿಧಾನ ಒಪ್ಪುವಂಥ ಉತ್ತರ ಕೊಟ್ಟಿತು. 1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರ್ ಹವಾಮಾನ ಲೆಕ್ಕ ಹಾಕಿದ್ದನ್ನು ನೋಡಿಯೇ ಅವರು 1953ರಲ್ಲಿ ತೀರಿಕೊಂಡರು.

ಇಂದು ನೀರು, ಗೋಡೆ, ಶಾಖ ಮೂರನ್ನೂ ಜೋಡಿಸಿ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳಿವೆ. ನೀರಿನ ಮೆಶ್ ಗೋಡೆಯ ಮೆಶ್‌ಗೆ ಸೇರುವಲ್ಲಿ ಸರಿಯಾಗಿ ಹೊಂದದಿದ್ದರೆ, ಚೌಕಗಳು ತಿರುಚಿಕೊಂಡರೆ ಕೆಲವೊಮ್ಮೆ ಲೆಕ್ಕವೇ ನಿಂತುಹೋಗುತ್ತದೆ. ಕೆಲವೊಮ್ಮೆ ಚಿತ್ರ ಚೆನ್ನಾಗಿಯೇ ಬರುತ್ತದೆ, ಉತ್ತರ ಮಾತ್ರ ತಪ್ಪು. ಇದೇ ಹೆಚ್ಚು ಅಪಾಯ. ಪರೀಕ್ಷಿಸುವ ಒಂದು ದಾರಿಯನ್ನೂ ರಿಚರ್ಡ್‌ಸನ್ ಅವರೇ ತೋರಿಸಿದ್ದರು: ಚೌಕಗಳನ್ನು ಇನ್ನಷ್ಟು ಚಿಕ್ಕದು ಮಾಡಿ ಮತ್ತೆ ಲೆಕ್ಕ ಹಾಕಿ, ಎರಡೂ ಉತ್ತರಗಳನ್ನು ಹೋಲಿಸಬೇಕು. ಉತ್ತರ ತುಂಬಾ ಬದಲಾದರೆ ಇನ್ನೂ ನಂಬುವಂತಿಲ್ಲ.

ಹಾಗಾಗಿ ಕಂಪ್ಯೂಟರ್ ಚಿತ್ರ ಎಂದ ಮಾತ್ರಕ್ಕೆ ನಿಜ ಎಂಬುದು ತಪ್ಪು ತಿಳಿವಳಿಕೆ. ಮಳೆ ನಕ್ಷೆ ಬಂದಾಗ ಯಾರದ್ದು, ಯಾವ ದಿನಾಂಕದ್ದು ನೋಡಿ. ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯೊಂದಿಗೆ ತಾಳೆ ನೋಡಿದ ಮೇಲೆಯೇ ಫಾರ್ವರ್ಡ್ ಮಾಡಿ.