ಮೂವತ್ತರಲ್ಲಿ ಮತ್ತೆ ವಿದ್ಯಾರ್ಥಿ

ಬೆಂಗಳೂರಿನಲ್ಲಿ ಆರು ವರ್ಷ ಮಾಡಿದ ಕೆಲಸ ಬಿಟ್ಟು, ಮೈಸೂರಿಗೆ ಕನ್ನಡ ಎಂ.ಎ. ಓದಲು ಹೊರಟಾಗ ನನಗೆ ಇಪ್ಪತ್ತೊಂಬತ್ತು. ಕುಬಟೂರಿನ ಮನೆಯಲ್ಲಿ ಯಾರಿಗೂ ಖುಷಿಯಾಗಲಿಲ್ಲ. ಮದುವೆ ವಯಸ್ಸಲ್ಲಿ ಇದೆಂಥ ಓದು ಎಂದು ಅವ್ವ ಗೊಣಗಿದಳು. ತರಗತಿಯಲ್ಲಿ ಎಲ್ಲರೂ ನನಗಿಂತ ಏಳೆಂಟು ವರ್ಷ ಚಿಕ್ಕವರು. ಅಣ್ಣ ಅಂತಲೇ ಕರೆಯುತ್ತಿದ್ದರು. ಸಂಜೆ ಬಾಡಿಗೆ ರೂಮಿಗೆ ಬಂದರೆ ಮಾತಾಡಿಸುವವರಿಲ್ಲ. ತಿಂಗಳು ತುಂಬುವ ಮೊದಲೇ ಹಳೇ ಕೆಲಸಕ್ಕೆ ವಾಪಸ್ ಹೋಗೋಣ ಅನ್ನಿಸಿತ್ತು. ಆಗ ಓದಲು ಸಿಕ್ಕಿದ್ದು ಎ.ಕೆ. ರಾಮಾನುಜನ್ ಅವರ ಬದುಕು.

ಅವರು 1929ರಲ್ಲಿ ಇದೇ ಮೈಸೂರಿನಲ್ಲಿ ಹುಟ್ಟಿದವರು. ತಂದೆ ಗಣಿತದ ಪ್ರಾಧ್ಯಾಪಕರು. ಮನೆಮಾತು ತಮಿಳು, ಬೀದಿಯ ಮಾತು ಕನ್ನಡ, ಓದಿದ್ದು ಇಂಗ್ಲಿಷ್. ಎಂ.ಎ. ಮುಗಿಸಿ ಕೊಲ್ಲಂ, ಬೆಳಗಾವಿ, ಬರೋಡಾ ಎಂದು ಊರೂರು ತಿರುಗಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಮಾಡಿದರು. ಆಮೇಲೆ ಮೇಷ್ಟ್ರ ಕುರ್ಚಿ ಬಿಟ್ಟು ಮತ್ತೆ ಬೆಂಚಿಗೆ ಬಂದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಓದಿ, 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿದರು. ಆಗ ಅವರಿಗೆ ಮೂವತ್ತು! ಅಷ್ಟು ದೂರ ಹೋಗಿ ಪಿಎಚ್.ಡಿ. ಮಾಡಿದ್ದು ಯಾವುದರ ಮೇಲೆ ಗೊತ್ತೇ? ನಮ್ಮ ಕನ್ನಡದ ವ್ಯಾಕರಣದ ಮೇಲೆ.

1962ರಲ್ಲಿ ಶಿಕಾಗೊಕ್ಕೆ ಹೋದರು. ಹೊಸ ಊರು. ಒಂದು ಶನಿವಾರ ಹಳೆಗಾಲದ ತಮಿಳು ವ್ಯಾಕರಣ ಹುಡುಕುತ್ತಾ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಗೆ ಇಳಿದವರಿಗೆ, ದೂಳು ಹಿಡಿದ ಪುಸ್ತಕಗಳ ನಡುವೆ ಸಂಗಂ ಕಾಲದ ‘ಕುರುಂತೊಗೈ’ ಸಿಕ್ಕಿತು. ಮನೆಮಾತಿನ ಪ್ರಾಚೀನ ಕಾವ್ಯ ಕೈಗೆ ಬಂದದ್ದು ಮನೆಯಿಂದ ಸಾವಿರಾರು ಮೈಲಿ ಆಚೆ. ಆ ಕವಿತೆಗಳ ಇಂಗ್ಲಿಷ್ ಅನುವಾದ 1967ರಲ್ಲಿ ಪುಸ್ತಕವಾಯಿತು. 1969ರಲ್ಲಿ ಅವರ ಕನ್ನಡ ಕವನ ಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ ಬಂತು.

1973ರ ‘ಸ್ಪೀಕಿಂಗ್ ಆಫ್ ಶಿವ’ ನನ್ನನ್ನು ಬೆಚ್ಚಿಬೀಳಿಸಿದ ಪುಸ್ತಕ. ಬಸವಣ್ಣ, ದಾಸಿಮಯ್ಯರ ಜೊತೆ ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನೂ ಅವರು ಅದರಲ್ಲಿ ಜಗತ್ತಿಗೆ ಓದಿಸಿದರು. ಅಕ್ಕನ ಉಡುತಡಿ, ಅಲ್ಲಮನ ಬಳ್ಳಿಗಾವಿ ಎರಡೂ ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನವು. ಬಸ್ಸಿನ ಕಿಟಕಿಯಿಂದ ಬೋರ್ಡು ನೋಡಿ ಮುಂದೆ ಹೋಗುತ್ತಿದ್ದೆನಲ್ಲ, ಅವೇ ಊರುಗಳು!

1993ರ ಜುಲೈ 13ರಂದು ಅವರು ಶಿಕಾಗೊದಲ್ಲಿ ತೀರಿಕೊಂಡರು. ಕರ್ನಾಟಕದಲ್ಲಿ ಕೇಳಿ ಬರೆದಿಟ್ಟುಕೊಂಡಿದ್ದ ಜನಪದ ಕಥೆಗಳು 1997ರಲ್ಲಿ ಪುಸ್ತಕವಾಗಿ ಬಂದವು. ಮತ್ತೆ ಓದಲು ಹೋದವರು ಹಿಂದಿನದ್ದನ್ನು ಅಳಿಸಿಹಾಕಬೇಕಿಲ್ಲ, ಅದನ್ನೇ ಬುತ್ತಿ ಕಟ್ಟಿಕೊಂಡು ಹೋಗಬಹುದು ಎಂದು ಅವರ ಬದುಕು ನನಗೆ ತಿಳಿಸಿತು.

ನಾನು ವಾಪಸ್ ಹೋಗಲಿಲ್ಲ. ಚಿಕ್ಕಂದಿನಲ್ಲಿ ನಮ್ಮೂರ ಕೈಟಭೇಶ್ವರ ಗುಡಿಯ ಶಾಸನಕಲ್ಲಿಗೆ ಒರಗಿ ಶೇಂಗಾ ತಿಂದವನು, ಈಗ ಅದರ ಅಕ್ಷರ ಓದಲು ಕಲಿಯುತ್ತಿದ್ದೇನೆ. ಕಳೆದ ಸಲ ಊರಿಗೆ ಹೋದಾಗ ಒಂದು ಸಾಲು ಓದಿ ಹೇಳಿದೆ. ಅವ್ವ ಗೊಣಗಲಿಲ್ಲ. ಮುಂದಿನ ಸಾಲು ಏನು ಅಂತ ಕೇಳಿದಳು.